ಹಣದ ಮನೆಯಲ್ಲಿ ಜನರ ಲೆಕ್ಕ

ಕಳೆದ ವರ್ಷದ ಶ್ರಾವಣ ಮಾಸದ ಒಂದು ಸಾಯಂಕಾಲ. ಪ್ರವಚನ ಮುಗಿದು ಭಕ್ತಾದಿಗಳೆಲ್ಲ ಪ್ರಸಾದಕ್ಕೆಂದು ಎದ್ದುಹೋಗಿದ್ದರು. ಆಗ ನಮಗೆ ಬಹುಕಾಲದಿಂದ ಪರಿಚಿತರಾದ ಬಾಗಲಕೋಟೆಯ ಹಿರಿಯರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ನಮ್ಮ ಬಳಿಗೆ ಬಂದರು. ಆಕೆ ಧಾರವಾಡದಲ್ಲಿ ಸಮಾಜಶಾಸ್ತ್ರವನ್ನು ಓದಿ, ಹೊರದೇಶದಲ್ಲಿ ಒಂದು ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯಲ್ಲಿ ಅನೇಕ ವರ್ಷಗಳಿಂದ ಸೇವೆ ಸಲ್ಲಿಸುತ್ತಿರುವವಳು. ಆ ಸಂಸ್ಥೆಯ ಸಾಮಾಜಿಕ ಅಭಿವೃದ್ಧಿ ತಂಡಕ್ಕೆ ಆಗತಾನೆ ಮುಖ್ಯಸ್ಥೆಯಾಗಿ ನೇಮಕಗೊಂಡಿದ್ದಳು. ತಂದೆಗೆ ಸಂತೋಷವೇನೋ ಇತ್ತು; ಆದರೆ ಅದರೊಡನೆ ಒಂದು ಸಂಶಯವೂ ಇತ್ತು. “ಸಾಲಾ ಕೊಡೋ ಬ್ಯಾಂಕಿನವರಿಗೆ ಸಮಾಜದ ಕೆಲಸ ಏನಿರತೈತ್ರೀ ಅಜ್ಜಾರ?” ಎಂದು ಅವರು ನಮ್ಮನ್ನೇ ಕೇಳಿದರು.

ಮಗಳು ನಕ್ಕಳು, ಆದರೆ ಉತ್ತರ ಕೊಡಲಿಲ್ಲ. ಆ ಪ್ರಶ್ನೆಗೆ ನಮ್ಮಲ್ಲಿಯೂ ಅಂದು ಸಿದ್ಧ ಉತ್ತರವಿರಲಿಲ್ಲ. ಆಮೇಲೆ ಆಕೆಯಿಂದ ಕೇಳಿ ತಿಳಿದದ್ದನ್ನೂ ನಾವೇ ಓದಿ ಅರಿತದ್ದನ್ನೂ ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ. ನಮ್ಮ ಎಷ್ಟೋ ಮನೆತನಗಳ ಮಕ್ಕಳು ಇಂದು ಇಂತಹ ಸಂಸ್ಥೆಗಳ ಬಾಗಿಲಲ್ಲಿದ್ದಾರೆ. ಇಂತಹ ಸಂಸ್ಥೆಗಳ ಸಾಲದಿಂದ ಕಟ್ಟಿದ ಯೋಜನೆಗಳು ನಮ್ಮ ಮನೆಬಾಗಿಲಿಗೇ ನೀರು ತಂದದ್ದೂ ಉಂಟು.

ವಿಶ್ವಬ್ಯಾಂಕು 1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್ ಎಂಬಲ್ಲಿ ನಡೆದ ಸಮ್ಮೇಳನದಲ್ಲಿ ಜನ್ಮ ತಾಳಿತು. ಮೊದಲ ಮೂರು ದಶಕಗಳ ಕಾಲ ಅದು ಎಂಜಿನಿಯರರ ಮತ್ತು ಅರ್ಥಶಾಸ್ತ್ರಜ್ಞರ ಮನೆಯಾಗಿತ್ತು. ಅಣೆಕಟ್ಟಿನ ಎತ್ತರವೆಷ್ಟು, ವಿದ್ಯುತ್ತಿನ ಉತ್ಪತ್ತಿಯೆಷ್ಟು, ಹಾಕಿದ ಹಣಕ್ಕೆ ಬರುವ ಪ್ರತಿಫಲ ಶೇಕಡಾ ಎಷ್ಟು ಎಂಬ ಲೆಕ್ಕ ಅಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ನೀರು ನಿಲ್ಲುವ ಜಾಗದಲ್ಲಿ ಇದ್ದವರು ಎಲ್ಲಿಗೆ ಹೋಗಬೇಕು ಎಂಬುದು ಮಾತ್ರ ಸಾಲ ಪಡೆಯುವ ಸರಕಾರಕ್ಕೆ ಬಿಟ್ಟ ವಿಷಯವಾಗಿತ್ತು. 1974ರಲ್ಲಿ ರುಮೇನಿಯಾ ದೇಶದ ಮೈಕೆಲ್ ಚೆರ್ನಿಯಾ ಎಂಬುವರನ್ನು ಆ ಬ್ಯಾಂಕು ತನ್ನ ಮೊದಲ ಸಮಾಜಶಾಸ್ತ್ರಜ್ಞರನ್ನಾಗಿ ತೆಗೆದುಕೊಂಡಿತು. ಸಾವಿರಾರು ಜನರ ಕಚೇರಿಯಲ್ಲಿ ಒಬ್ಬನೇ ಒಬ್ಬ ಸಮಾಜಶಾಸ್ತ್ರಜ್ಞ! ಇಂದಿನ ದೊಡ್ಡ ತಂಡಗಳ ಮೂಲ ಆ ಒಂಟಿ ಕುರ್ಚಿಯಲ್ಲಿದೆ.

ಬ್ರೆಜಿಲ್ ದೇಶದ ಸೊಬ್ರಾದಿನ್ಯೊ ಅಣೆಕಟ್ಟಿನಿಂದ 1970ರ ದಶಕದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನ ನೆಲೆ ತಪ್ಪಿದರು. ಅವರ ಪುನರ್ವಸತಿ ತೀರ ಕೆಟ್ಟಿತು. ಇಂತಹ ಅನುಭವಗಳ ಬಿಸಿಯಿಂದಲೇ 1980ರಲ್ಲಿ, ಒತ್ತಾಯದ ಸ್ಥಳಾಂತರದ ಬಗ್ಗೆ ಬ್ಯಾಂಕು ಮೊದಲ ಬಾರಿಗೆ ಒಂದು ನಿಯಮವನ್ನು ಬರೆದುಕೊಂಡಿತು. ಅದರ ಹಿಂದೆ ಚೆರ್ನಿಯಾ ಅವರ ಕೈ ಇತ್ತು. ನೆಲೆ ತಪ್ಪಿದವನು ಏನೇನನ್ನು ಕಳೆದುಕೊಳ್ಳುತ್ತಾನೆ ಎಂಬುದನ್ನು ಮುಂದೆ ಅವರು ಎಂಟು ಬಗೆಯಾಗಿ ವಿಂಗಡಿಸಿ ತೋರಿಸಿದರು. ಹೊಲ, ಉದ್ಯೋಗ, ಮನೆ ಇವು ಯಾರ ಕಣ್ಣಿಗಾದರೂ ಬೀಳುವಂಥವು. ಸಮಾಜದಲ್ಲಿನ ಸ್ಥಾನ ಕುಗ್ಗುವುದು, ಉಣ್ಣುವ ಅನ್ನಕ್ಕೆ ಭರವಸೆ ತಪ್ಪುವುದು, ರೋಗರುಜಿನ ಹೆಚ್ಚುವುದು, ಗೋಮಾಳ ಕೆರೆಗಳಂತಹ ಊರೊಟ್ಟಿನ ಸಂಪತ್ತು ಕೈತಪ್ಪುವುದು, ಕಡೆಗೆ ನೆಂಟಸ್ತಿಕೆ ನೆರೆಹೊರೆಗಳ ಹೆಣಿಗೆಯೇ ಬಿಚ್ಚಿಹೋಗುವುದು, ಇವು ಪರಿಹಾರದ ಚೆಕ್ಕಿನಲ್ಲಿ ಬರೆಯಲಾರದ ನಷ್ಟಗಳು.

ಈ ಕೊನೆಯ ಮಾತನ್ನು ಕೃಷ್ಣಾ ತೀರದ ವಾಚಕರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಕೂಡಲಸಂಗಮದ ಐಕ್ಯಮಂಟಪಕ್ಕೆ ಸುತ್ತಲೂ ಗೋಡೆ ಎತ್ತಿ, ಬಾವಿಯಂತೆ ಕಟ್ಟಿ, ನಾರಾಯಣಪುರದ ಹಿನ್ನೀರಿನಿಂದ ಕಾಪಾಡಿರುವುದನ್ನು ಕಂಡವರಿಗೆ ಮುಳುಗಡೆ ಎಂದರೇನೆಂದು ಗೊತ್ತು. ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕು 1978ರಲ್ಲಿಯೂ 1989ರಲ್ಲಿಯೂ ಸಾಲ ಕೊಟ್ಟಿತ್ತು. ಪುನರ್ವಸತಿಯ ಕೆಲಸ ಹಿಂದೆ ಬಿದ್ದುದರಿಂದ 1990ರ ದಶಕದಲ್ಲಿ ಅದು ಹಣ ಬಿಡುಗಡೆಯನ್ನು ತಡೆಹಿಡಿದದ್ದೂ ಉಂಟು. ಹಾಗೆ ತಡೆಹಿಡಿಯಬೇಕೆಂದು ಹಣದ ಮನೆಯೊಳಗೆ ಕುಳಿತು ಹೇಳುವವರು ಯಾರಾದರೂ ಬೇಕಷ್ಟೆ? ಆ ಹೇಳುವ ಕೆಲಸವೇ ನಮ್ಮ ಹಿರಿಯರು ಕೇಳಿದ ‘ಸಮಾಜದ ಕೆಲಸ’. ಅವರ ಹಳೆಯ ಮನೆ ಬಾಗಲಕೋಟೆಯ ಮುಳುಗಡೆಯ ಓಣಿಯಲ್ಲಿತ್ತು. ಈಗ ಅವರು ನವನಗರದಲ್ಲಿದ್ದಾರೆ. ಪರಿಹಾರದ ಹಣ ಸಾಲಕ್ಕೂ ಮದುವೆಗೂ ಕರಗಿಹೋದ ಮನೆಗಳನ್ನು ಆ ಪ್ರಾಂತದಲ್ಲಿ ನಾವು ಕಣ್ಣಾರೆ ಕಂಡಿದ್ದೇವೆ. ಮಗಳು ಸಮಾಜಶಾಸ್ತ್ರವನ್ನು ಆರಿಸಿಕೊಂಡದ್ದು ಯಾಕೆಂದು ತಂದೆ ಎಂದೂ ಕೇಳಿರಲಿಲ್ಲವಂತೆ.

ಇನ್ನು ತಂಡವನ್ನು ನಡೆಸುವ ವಿಷಯ. ಹೊರಗಿನವರು ತಿಳಿದಂತೆ ಮುಖ್ಯಸ್ಥೆಯ ಕೈಯಲ್ಲಿ ಹಣದ ಥೈಲಿ ಇರುವುದಿಲ್ಲ. ರಸ್ತೆಗೋ ಅಣೆಕಟ್ಟಿಗೋ ಸಾಲ ಸಿದ್ಧಪಡಿಸುವ ಅಧಿಕಾರಿ ಬೇರೆ. ಯೋಜನೆಯ ತಯಾರಿಯ ಹಣ ಇರುವುದು ಆತನ ಬಳಿಯಲ್ಲಿ. ಆತ ತನ್ನ ಹಣದಿಂದ ಸಮಾಜಶಾಸ್ತ್ರಜ್ಞರ ಕೆಲವು ವಾರಗಳ ದುಡಿಮೆಯನ್ನು ಪಡೆಯುತ್ತಾನೆ. ವಿಶ್ವಬ್ಯಾಂಕಿನಲ್ಲಿ ಈ ಏರ್ಪಾಡು 1990ರ ದಶಕದ ಉತ್ತರಾರ್ಧದಲ್ಲಿ ಬಲಗೊಂಡಿತು. ಬೇರೆ ಸಂಸ್ಥೆಗಳಲ್ಲಿಯೂ ಇದರ ಛಾಯೆ ಇದೆ. ಇದರ ಪರಿಣಾಮವನ್ನು ವಾಚಕರು ಊಹಿಸಬಹುದು. ಯಾರ ಕೆಲಸದಲ್ಲಿ ದೋಷವಿದೆಯೆಂದು ಹೇಳಬೇಕೋ ಅವರಿಂದಲೇ ಕೂಲಿಯನ್ನೂ ಪಡೆಯಬೇಕು. ಕಟುವಾಗಿ ಹೇಳಿದವನಿಗೆ ಮುಂದಿನ ಯೋಜನೆಯಲ್ಲಿ ಕರೆ ಬರುವುದಿಲ್ಲ. ಮೆತ್ತಗೆ ಹೇಳುವವನಿಗೆ ವರ್ಷವಿಡೀ ಕೆಲಸ. ಮುಖ್ಯಸ್ಥರಾದವರ ನಿಜವಾದ ಸತ್ತ್ವ ಪರೀಕ್ಷೆ ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ತಮ್ಮ ಕಿರಿಯ ಸಹೋದ್ಯೋಗಿ ನಿಷ್ಠುರವಾಗಿ ಬರೆದ ವರದಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೋ, ಅಥವಾ ಆ ವರದಿಯನ್ನು ತಾವೇ ತಿದ್ದಿ ಮೆತ್ತಗೆ ಮಾಡುತ್ತಾರೋ?

ಆ ಮಗಳಿಗೆ ಎದುರಾಗಿದ್ದ ಸಂಕಟವೂ ಇದೇ. ಹೊಳೆದಂಡೆಯ ಒಂದು ರಸ್ತೆ ಯೋಜನೆಯಲ್ಲಿ ಕೆಲವು ಮೀನುಗಾರ ಕುಟುಂಬಗಳಿಗೆ ಪಟ್ಟಾ ಇರಲಿಲ್ಲ. ಕಾಗದವಿಲ್ಲದವರನ್ನು ಪಟ್ಟಿಗೆ ಸೇರಿಸಿದರೆ ಯೋಜನೆ ಆರು ತಿಂಗಳು ಹಿಂದೆ ಬೀಳುತ್ತದೆ, ಆ ಒಂದು ಪ್ಯಾರಾವನ್ನು ಬಿಡಿ ಎಂದು ಯೋಜನೆಯ ಅಧಿಕಾರಿ ಕೇಳಿಕೊಂಡಿದ್ದ. ಪ್ಯಾರಾ ಬರೆದವನು ತಂಡದಲ್ಲಿ ಅತ್ಯಂತ ಕಿರಿಯ. ಕರಾರಿನ ಮೇಲೆ ಕೆಲಸ ಮಾಡುವವನು. “ನಾ ಸಹಿ ಮಾಡಲಿಲ್ಲ ಅಂದ್ರ ನನಗೇನೂ ಆಗೂದಿಲ್ಲ ಅಜ್ಜಾರ, ಆ ಹುಡುಗನ ಕರಾರು ಮುಂದುವರಿಯೂದಿಲ್ಲ” ಎಂದಳು.

ನಿಯಮ ಆಕೆಯ ಪಕ್ಷದಲ್ಲಿಯೇ ಇತ್ತೆಂಬುದನ್ನು ಇಲ್ಲಿ ಹೇಳಬೇಕು. ಭೂಮಿಗೆ ಹಕ್ಕುಪತ್ರವಿಲ್ಲವೆಂಬ ಕಾರಣದಿಂದ ಪರಿಹಾರ ನಿರಾಕರಿಸಬಾರದೆಂದು ವಿಶ್ವಬ್ಯಾಂಕು 1990ರಲ್ಲಿಯೇ ಬರೆದಿಟ್ಟಿತ್ತು. ಬೇರೆ ಅಭಿವೃದ್ಧಿ ಬ್ಯಾಂಕುಗಳೂ ಆ ದಾರಿಯನ್ನೇ ಹಿಡಿದವು. ನಮ್ಮ ದೇಶದಲ್ಲಿ 1894ರ ಭೂಸ್ವಾಧೀನ ಕಾಯಿದೆ ಹೋಗಿ, ಜೀವನೋಪಾಯ ಕಳೆದುಕೊಂಡ ಭೂಹೀನರನ್ನೂ ಗಣಿಸುವ, ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಕಡ್ಡಾಯ ಮಾಡುವ ಹೊಸ ಕಾಯಿದೆ ಜಾರಿಗೆ ಬಂದದ್ದು 2014ರ ಜನವರಿಯಲ್ಲಿ. ನಿಯಮ ಬರೆಯುವುದಕ್ಕೂ ಪಾಲಿಸುವುದಕ್ಕೂ ನಡುವೆ ಎಷ್ಟು ದೂರವೆಂಬುದಕ್ಕೆ ನರ್ಮದೆಯೇ ಸಾಕ್ಷಿ. ಸರ್ದಾರ್ ಸರೋವರಕ್ಕೆ 1985ರಲ್ಲಿ ಬ್ಯಾಂಕು ಸಾಲ ಒಪ್ಪಿದಾಗ 1980ರ ನಿಯಮ ಕಪಾಟಿನಲ್ಲಿ ಇದ್ದೇ ಇತ್ತು. ಬ್ರಾಡ್‌ಫರ್ಡ್ ಮೋರ್ಸ್ ಅವರ ನೇತೃತ್ವದ ಸ್ವತಂತ್ರ ಸಮಿತಿ 1992ರಲ್ಲಿ ಕಟುವಾದ ವರದಿ ಕೊಟ್ಟಿತು; ಮರುವರ್ಷ ಭಾರತ ಸರಕಾರವೇ ಉಳಿದ ಸಾಲ ಬೇಡವೆಂದಿತು. ಬಾಧಿತರು ನೇರವಾಗಿ ದೂರು ಕೊಡಬಹುದಾದ ತಪಾಸಣಾ ಮಂಡಳಿಯನ್ನು ಬ್ಯಾಂಕು 1993ರಲ್ಲಿ ಸ್ಥಾಪಿಸಿತು. ಅದಾಗಿ ಇಪ್ಪತ್ತೆರಡು ವರ್ಷಗಳ ಮೇಲೆ, 2015ರ ಮಾರ್ಚಿಯಲ್ಲಿ, ಪುನರ್ವಸತಿಯ ಮೇಲ್ವಿಚಾರಣೆಯಲ್ಲಿ ದೊಡ್ಡ ಲೋಪಗಳಾಗಿವೆಯೆಂದು ಬ್ಯಾಂಕು ತಾನೇ ಒಪ್ಪಿಕೊಂಡಿತು. ಆಗಿನ ಅಧ್ಯಕ್ಷ ಜಿಮ್ ಯಾಂಗ್ ಕಿಮ್ ಅವರು ವೈದ್ಯರಷ್ಟೇ ಅಲ್ಲ, ಮಾನವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು! ಪೀಠದ ಮೇಲೆ ಬಲ್ಲವನು ಕುಳಿತ ಮಾತ್ರಕ್ಕೆ ಮನೆಯ ನಡೆ ಬದಲಾಗುವುದಿಲ್ಲವೆಂಬುದನ್ನು ಮಠಗಳಲ್ಲಿ ಬೆಳೆದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಇಂತಹ ತಂಡಗಳಿಂದ ಒಳಿತಾಗಿದ್ದೇ ಇಲ್ಲವೆ? ಆಗಿದೆ. ಅದಕ್ಕೆ ಇಂಡೋನೇಷ್ಯಾ ಒಳ್ಳೆಯ ನಿದರ್ಶನ. ಬಾಲಿಯಿಂದ ಸುಲಾವೆಸಿಗೆ ವಲಸೆ ಹೋದವರನ್ನು ಅಭ್ಯಸಿಸಿದ್ದ ಗ್ಲೋರಿಯಾ ಡೇವಿಸ್ ಎಂಬ ವಿದುಷಿ, 1997ರ ಸುಮಾರಿಗೆ ವಿಶ್ವಬ್ಯಾಂಕಿನಲ್ಲಿ ಸಾಮಾಜಿಕ ಅಭಿವೃದ್ಧಿಯ ಪ್ರತ್ಯೇಕ ವಿಭಾಗ ಏರ್ಪಟ್ಟಾಗ ಅದರ ಮೊದಲ ನಿರ್ದೇಶಕರಾದರು. ಅದೇ ಕಾಲದಲ್ಲಿ ಸ್ಕಾಟ್ ಗುಗ್ಗೆನ್‌ಹೈಮ್ ಎಂಬ ಮಾನವಶಾಸ್ತ್ರಜ್ಞರು ಇಂಡೋನೇಷ್ಯಾದಲ್ಲಿ ಒಂದು ತಂಡವನ್ನು ಕಟ್ಟುತ್ತಿದ್ದರು. ಅವರು ಹಿಂದೆ ಚೆರ್ನಿಯಾ ಅವರೊಡನೆ ಪುನರ್ವಸತಿಯ ವಿಷಯದಲ್ಲಿ ದುಡಿದಿದ್ದವರು. ಅನ್ಯರು ರೂಪಿಸಿದ ಯೋಜನೆಯ ಹಾನಿಯನ್ನು ತಡೆಯುವುದರಲ್ಲಿಯೇ ಆಯುಷ್ಯ ಸವೆಸದೆ, ಮಾನವಶಾಸ್ತ್ರಜ್ಞರೇ ಯೋಜನೆಯನ್ನು ರೂಪಿಸಿದ ಪ್ರಸಂಗವಿದು. ಹಳ್ಳಿಗಳಲ್ಲಿ ಜನರು ತಾವಾಗಿ ಕಟ್ಟಿಕೊಂಡ ಸಂಘ ಸಂಪ್ರದಾಯಗಳು ಏನಿವೆ ಎಂಬುದನ್ನು ಮೊದಲು ಅಭ್ಯಾಸ ಮಾಡಿ, ಅದರ ಮೇಲೆ 1998ರಲ್ಲಿ ಕೆಚಮಾತಾನ್ ಅಭಿವೃದ್ಧಿ ಕಾರ್ಯಕ್ರಮವನ್ನು ಆರಂಭಿಸಿದರು. ಕೆಚಮಾತಾನ್ ಎಂದರೆ ನಮ್ಮ ಹೋಬಳಿಯಂಥದು. ಸುಹಾರ್ತೊ ಆಳ್ವಿಕೆ ಕುಸಿದದ್ದು ಆ ವರ್ಷವೇ. ಹಣಕಾಸಿನ ಬಿಕ್ಕಟ್ಟಿನಿಂದ ದೇಶ ತತ್ತರಿಸುತ್ತಿತ್ತು.

ಹಣ ಮಧ್ಯದ ಕಚೇರಿಗಳ ಮೆಟ್ಟಿಲು ಹತ್ತಿ ಇಳಿಯದೆ ಹೋಬಳಿಯ ಖಾತೆಗೆ ನೇರ ಬರುತ್ತಿತ್ತು. ಸೇತುವೆ ಬೇಕೋ, ನೀರು ಬೇಕೋ, ರಸ್ತೆ ಬೇಕೋ ಎಂಬುದನ್ನು ಊರವರೇ ಸೂಚಿಸಬೇಕು. ಹೆಂಗಸರು ಬೇರೆಯಾಗಿ ಸಭೆ ಸೇರಿ ತಮ್ಮ ಬೇಡಿಕೆಯನ್ನು ಮುಂದಿಡಬೇಕು. ಯಾವ ಊರಿನ ಬೇಡಿಕೆ ಮೊದಲೆಂಬುದನ್ನು ಎಲ್ಲ ಊರುಗಳ ಪ್ರತಿನಿಧಿಗಳು ಕೂಡಿ ತೀರ್ಮಾನಿಸುತ್ತಿದ್ದರು. ಬಂದ ಹಣ, ಖರ್ಚಾದ ಹಣ ಎರಡನ್ನೂ ಊರ ಫಲಕದ ಮೇಲೆ ಬರೆದು ನಿಲ್ಲಿಸಬೇಕು; ಪತ್ರಕರ್ತರಿಗೆ ಬಂದು ನೋಡಲು ಆಹ್ವಾನ. ವಾಷಿಂಗ್ಟನ್ನಿನಲ್ಲಿ ಕುಳಿತ ಅಧಿಕಾರಿಗಿಂತ ಹಳ್ಳಿಗಳನ್ನು ಸುತ್ತುವ ಸಾವಿರಾರು ಮಾರ್ಗದರ್ಶಿಗಳೇ ಈ ಕಾರ್ಯದ ಜೀವಾಳ. ಅವರನ್ನು ಆರಿಸುವುದು, ತರಬೇತು ಮಾಡುವುದು, ಅವರ ಮೇಲೆ ಒತ್ತಡ ಬಂದಾಗ ಕಾಯುವುದು, ಇದೇ ತಂಡ ನಡೆಸುವವರ ನಿತ್ಯದ ದುಡಿಮೆ. 2007ರಲ್ಲಿ ಅಲ್ಲಿನ ಸರಕಾರ ಇದನ್ನು ದೇಶಾದ್ಯಂತ ವಿಸ್ತರಿಸಿತು. ಹಳ್ಳಿಗಳಿಗೆ ನೇರವಾಗಿ ಹಣ ಹರಿಸುವ 2014ರ ಗ್ರಾಮ ಕಾಯಿದೆಯಲ್ಲಿಯೂ ಇದರ ಅನುಭವ ಬೆರೆತಿದೆ.

ಆದರೆ ಇಲ್ಲಿಯೂ ಮರುಳಾಗಬಾರದು. ಬೆಂಜಮಿನ್ ಓಲ್ಕೆನ್ ಎಂಬ ಅರ್ಥಶಾಸ್ತ್ರಜ್ಞರು ಈ ಕಾರ್ಯಕ್ರಮದಡಿ ಜಾವಾ ದ್ವೀಪದ ಆರುನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಕಟ್ಟಿದ ರಸ್ತೆಗಳನ್ನು ಅಗೆದು ನೋಡಿಸಿದರು. ಕಾಗದದಲ್ಲಿ ಬರೆದ ಕಲ್ಲು ಮರಳು ನೆಲದಲ್ಲಿ ಎಷ್ಟಿವೆಯೆಂದು ಅಳೆಸಿದರು. ಸರಕಾರದ ಲೆಕ್ಕತಪಾಸಣೆ ಖಂಡಿತ ನಡೆಯುತ್ತದೆಂದು ಮೊದಲೇ ತಿಳಿಸಿದ ಊರುಗಳಲ್ಲಿ, ಲೆಕ್ಕಕ್ಕೆ ಸಿಗದ ಹಣದ ಪ್ರಮಾಣ ಶೇಕಡಾ 8 ಅಂಶಗಳಷ್ಟು ಇಳಿಯಿತು. ಊರವರನ್ನು ಲೆಕ್ಕದ ಸಭೆಗೆ ಹೆಚ್ಚು ಸಂಖ್ಯೆಯಲ್ಲಿ ಕರೆದದ್ದರಿಂದ ಒಟ್ಟಿನ ಮೇಲೆ ಅಷ್ಟು ಫಲ ಕಾಣಲಿಲ್ಲ. ಕೂಲಿಯ ಲೆಕ್ಕ ಸುಧಾರಿಸಿತು, ಸಾಮಗ್ರಿಯ ಲೆಕ್ಕ ಹಾಗೆಯೇ ಉಳಿಯಿತು. 2007ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಕೂಲಿ ತನ್ನ ಕೈಗೆ ಬರುವಂಥದಾದ್ದರಿಂದ ಊರವನು ಕೇಳುತ್ತಾನೆ. ರಸ್ತೆಯ ಅಡಿಯ ಕಲ್ಲು ಎಲ್ಲರದು, ಆದ್ದರಿಂದ ಯಾರದೂ ಅಲ್ಲ. ‘ಜನರ ಸಹಭಾಗಿತ್ವ’ ಎಂಬ ಮಾತನ್ನು ವರದಿಯ ಪುಟಪುಟಕ್ಕೂ ಚಿಮುಕಿಸುವ ತರುಣರಿಗೆ ಈ ಅಧ್ಯಯನವನ್ನು ಓದಲು ಹೇಳಬೇಕೆಂದು ಆ ಮಗಳಿಗೆ ನಾವು ಹೇಳಿದೆವು. ತಾನು ಆಗಲೇ ಓದಿಸಿದ್ದೇನೆ ಎಂದಳು! ನಮ್ಮ ಉಪದೇಶ ಅಲ್ಲಿಗೆ ಮುಗಿಯಿತು.

ಮೀನುಗಾರರ ವಿಷಯದಲ್ಲಿ ಏನು ಮಾಡಬೇಕೆಂದು ಆಕೆ ನಮ್ಮನ್ನು ಕೇಳಲಿಲ್ಲ; ನಾವೂ ಹೇಳಲಿಲ್ಲ. ತಂದೆ ಮಾತ್ರ ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದವರು ಒಂದು ಮಾತು ಕೇಳಿದರು: “ನಮ್ಮ ಓಣಿಯೊಳಗ ಬಾಡಿಗಿ ಇದ್ದ ಕಂಬಾರರ ಮನಿಯವ್ರು ಈಗ ಎಲ್ಲಿ ಅದಾರ, ನಿನಗೇನರ ಗೊತ್ತೈತೇನವಾ?” ಆಕೆಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಆಕೆಯಿಂದ ದೂರವಾಣಿ ಬಂತು. ಪ್ಯಾರಾವನ್ನು ತೆಗೆಯಲಿಲ್ಲವಂತೆ. ಕಿರಿಯನ ಹೆಸರಿನ ಕೆಳಗೆ ತನ್ನ ಹೆಸರನ್ನೂ ಬರೆದು, ಮೇಲಿನವರಿಗೆ ತಾನೇ ಕಳಿಸಿದಳಂತೆ. ಯೋಜನೆ ನಿಂತಿಲ್ಲ, ತಡವಾಗಿದೆ. ಮೊದಲ ಸಭೆಯಲ್ಲಿ ತಂಡದ ಪ್ರತಿಯೊಬ್ಬರನ್ನೂ ಕಳೆದ ವರ್ಷ ಎಷ್ಟು ರಾತ್ರಿ ಹಳ್ಳಿಯಲ್ಲಿ ತಂಗಿದ್ದಿರೆಂದು ಕೇಳಿದಾಗ ಕೆಲವರು ತಲೆ ತಗ್ಗಿಸಿದರಂತೆ. ಹಳ್ಳಿಗಳಿಗೆ ಹೋಗಿ ಬರುವ ಖರ್ಚಿಗೆ ಪ್ರತ್ಯೇಕ ಹಣ ಬೇಕೆಂದು ಬರೆದಿದ್ದಾಳೆ. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ. ಆ ಹುಡುಗನ ಕರಾರು ಬರುವ ಯುಗಾದಿಯ ವರೆಗೆ ಇದೆ.