ಅಳಿಸುವ ಮೊದಲು ಎಣಿಸಿ

ವರ್ಚುವಲ್ ಮಷೀನುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿರುವ ಯಾರ ಮುಂದಾದರೂ ‘ಹಳೇ ಸ್ನ್ಯಾಪ್‌ಶಾಟ್’ ಎಂದು ಹೇಳಿ ನೋಡಿ, ಮುಖ ಹುಳ್ಳಗಾಗುತ್ತದೆ. ಸರ್ವರಿಗೆ ಪ್ಯಾಚ್ ಹಾಕುವ ಮುನ್ನ ‘ಯಾವುದಕ್ಕೂ ಇರಲಿ’ ಎಂದು ಒಂದು ಸ್ನ್ಯಾಪ್‌ಶಾಟ್ ತೆಗೆದಿಡುವುದು ರೂಢಿ. ಪ್ಯಾಚ್ ಸರಿಯಾಗಿ ಕೂರುತ್ತದೆ, ಟಿಕೆಟ್ ಕ್ಲೋಸ್ ಆಗುತ್ತದೆ, ತೆಗೆದವರು ಕ್ಯಾಬ್ ಹತ್ತಿ ಮನೆಗೆ ಹೋಗುತ್ತಾರೆ. ಸ್ನ್ಯಾಪ್‌ಶಾಟ್ ಅಲ್ಲೇ ಉಳಿಯುತ್ತದೆ. ಎಂಟು ತಿಂಗಳಾದ ಮೇಲೆ, ಮಷೀನುಗಳ ಫೈಲುಗಳಿರುವ ಡೇಟಾಸ್ಟೋರ್ ತುಂಬುತ್ತಿದೆ ಎಂಬ ಅಲಾರಂ ಬಂದು ಹುಡುಕಿದರೆ ಸಿಗುವುದು ಅದೇ. ಹೆಸರು: ‘ಬಿಫೋರ್ ಪ್ಯಾಚ್ – ಡು ನಾಟ್ ಡಿಲೀಟ್’. ಹೆಸರಿಟ್ಟವರು ಕಂಪನಿ ಬಿಟ್ಟು ಆರು ತಿಂಗಳು.

ಸ್ಕ್ರಿಪ್ಟ್ ಬರೆಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ. ಇದಕ್ಕಿಂತ ಸುಲಭವಾಗಿ ಕೈ ಸುಟ್ಟುಕೊಳ್ಳುವ ಕೆಲಸವೂ ಗೊತ್ತಿಲ್ಲ. ಹಾಗಾಗಿ ಇದೊಂದನ್ನೇ ಹಿಡಿದು ನೋಡೋಣ. ಸಲಕರಣೆ ಪವರ್‌ಸಿಎಲ್ಐ, ಜಾಗ ವರ್ಚುವಲ್ ಮಷೀನುಗಳನ್ನೆಲ್ಲ ಒಂದೇ ಕಡೆಯಿಂದ ನಿಭಾಯಿಸುವ ವಿಎಂವೇರ್‌ನ ವಿಸೆಂಟರ್.

ಮೊದಲು ಸ್ನ್ಯಾಪ್‌ಶಾಟ್ ಎಂದರೇನು ಎಂಬುದು ತಿಳಿಯಾಗಬೇಕು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನೆಸಿಕೊಳ್ಳಿ. ಒಂದು ದಿನ ಅಂಗಡಿಯವರು ‘ಇವತ್ತಿನವರೆಗಿನ ಲೆಕ್ಕ ಹೀಗೇ ಇರಲಿ’ ಎಂದು ಪುಸ್ತಕ ಮುಚ್ಚಿಟ್ಟು, ಮುಂದಿನ ವ್ಯವಹಾರವನ್ನೆಲ್ಲ ಒಂದು ಚೀಟಿಯಲ್ಲಿ ಬರೆಯತೊಡಗುತ್ತಾರೆ. ಪುಸ್ತಕ ಎಂದರೆ ಮಷೀನಿನ ಮೂಲ ಡಿಸ್ಕ್ ಫೈಲು. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಅದಕ್ಕೆ ಯಾರೂ ಬರೆಯುವಂತಿಲ್ಲ. ಚೀಟಿ ಎಂದರೆ ಡೆಲ್ಟಾ ಫೈಲು. ಹೊಸ ಬರಹವೆಲ್ಲ ಅಲ್ಲಿಗೆ. ಯಾರಾದರೂ ಬಾಕಿ ಕೇಳಿದರೆ ಮೊದಲು ಚೀಟಿ ನೋಡಬೇಕು, ಅಲ್ಲಿಲ್ಲದಿದ್ದರೆ ಪುಸ್ತಕ ತೆರೆಯಬೇಕು. ಇನ್ನೊಂದು ಸ್ನ್ಯಾಪ್‌ಶಾಟ್ ತೆಗೆದರೆ ಚೀಟಿಯ ಮೇಲೊಂದು ಚೀಟಿ. ಹೀಗೆ 32ರವರೆಗೆ ಪೇರಿಸಬಹುದು. ಆದರೆ ಎರಡು ಮೂರಕ್ಕಿಂತ ಹೆಚ್ಚು ಬೇಡ, ಒಂದನ್ನು 72 ಗಂಟೆಗಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಡಿ ಎಂದು ವಿಎಂವೇರ್ ಹೇಳುತ್ತಲೇ ಬಂದಿದೆ. ಬರಹ ಜಾಸ್ತಿಯಿರುವ ಮಷೀನಿನಲ್ಲಿ ಚೀಟಿ ಉಬ್ಬಿ ಉಬ್ಬಿ ಪುಸ್ತಕದಷ್ಟೇ ದಪ್ಪವಾಗಬಹುದು. ಡೇಟಾಸ್ಟೋರ್ ಪೂರ್ತಿ ತುಂಬಿದರೆ ಅಲ್ಲಿ ಬರೆಯಲು ಜಾಗ ಸಿಗದ ಮಷೀನುಗಳು ಇದ್ದಲ್ಲೇ ನಿಂತುಬಿಡುತ್ತವೆ.

ಹೊಸಬರು ತಪ್ಪದೆ ಎಡವುವ ಜಾಗ ಒಂದಿದೆ. ಸ್ನ್ಯಾಪ್‌ಶಾಟ್ ‘ಡಿಲೀಟ್’ ಮಾಡಿದರೆ ಚೀಟಿಯನ್ನು ಹರಿದು ಎಸೆದಂತಲ್ಲ. ಅದರಲ್ಲಿರುವುದನ್ನೆಲ್ಲ ಪುಸ್ತಕಕ್ಕೆ ನಕಲು ಮಾಡಿ ಆಮೇಲೆ ಚೀಟಿ ಬಿಸಾಡಿದಂತೆ. ಚೀಟಿಯನ್ನು ಸುಮ್ಮನೆ ಹರಿದೆಸೆಯುವುದು ‘ರಿವರ್ಟ್’. ಅದನ್ನು ಮಾಡಿದರೆ ಎಂಟು ತಿಂಗಳ ಡೇಟಾ ಹೋಯಿತೆಂದೇ ಲೆಕ್ಕ. ಡಿಲೀಟಿನಲ್ಲಿ ಡೇಟಾ ಎಲ್ಲಿಗೂ ಹೋಗುವುದಿಲ್ಲ, ಆದರೆ ನಕಲು ಮಾಡುವ ಕೂಲಿ ಸ್ಟೋರೇಜಿನ ತಲೆಗೆ ಬೀಳುತ್ತದೆ. ಚೀಟಿ ದಪ್ಪವಿದ್ದಷ್ಟೂ ಕೂಲಿ ಹೆಚ್ಚು. ಈ ಕೂಲಿಯ ವಿಷಯ ಮುಂದೆ ಮತ್ತೆ ಬರುತ್ತದೆ.

ಕೈಯಲ್ಲೇ ಮಾಡುವುದಾದರೆ ಪ್ರತಿ ಮಷೀನಿನ ಮೇಲೂ ರೈಟ್ ಕ್ಲಿಕ್ ಮಾಡಿ, ಸ್ನ್ಯಾಪ್‌ಶಾಟ್ ಪಟ್ಟಿ ತೆರೆದು ನೋಡಬೇಕು. ಒಂದಕ್ಕೆ ಅರ್ಧ ನಿಮಿಷ ಎಂದುಕೊಂಡರೂ 400 ಮಷೀನಿಗೆ 200 ನಿಮಿಷ, ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷ. ಅದೂ ನೋಡಲಿಕ್ಕೆ ಮಾತ್ರ. ಇನ್ನೂರನೆಯದಕ್ಕೆ ಬರುವ ಹೊತ್ತಿಗೆ ಕಣ್ಣು ಪರದೆಯ ಮೇಲಿರುತ್ತದೆ, ಮನಸ್ಸು ಕ್ಯಾಂಟೀನಿನಲ್ಲಿರುತ್ತದೆ.

ಪವರ್‌ಸಿಎಲ್ಐ ಅನ್ನುವುದು ಮೈಕ್ರೋಸಾಫ್ಟ್‌ನ ಆಜ್ಞಾಭಾಷೆಯಾದ ಪವರ್‌ಶೆಲ್ ಮೇಲೆ ಕೂರುವ ಆಜ್ಞೆಗಳ ಒಂದು ಕಟ್ಟು. 2008ರಲ್ಲಿ ‘ವಿಐ ಟೂಲ್‌ಕಿಟ್’ ಎಂಬ ಹೆಸರಿನಲ್ಲಿ ಬಂತು, ಮರುವರ್ಷವೇ ಹೆಸರು ಬದಲಾಯಿತು. ಹಳೇ ಹೆಸರಿನ ಎರಡು ಅಕ್ಷರ ಮಾತ್ರ ‘ಕನೆಕ್ಟ್-ವಿಐಸರ್ವರ್’ ಎಂಬ ಆಜ್ಞೆಯಲ್ಲಿ ಇವತ್ತಿಗೂ ಸಿಕ್ಕಿಕೊಂಡಿವೆ. 2018ರ ಹತ್ತನೇ ಆವೃತ್ತಿಯಿಂದ ಲಿನಕ್ಸ್, ಮ್ಯಾಕ್‌ಗಳಲ್ಲೂ ಓಡುತ್ತದೆ. ಇದರೊಳಗೆ ಮಾಯಮಂತ್ರ ಏನಿಲ್ಲ. ನೀವು ಬ್ರೌಸರಿನಲ್ಲಿ ಒಂದು ಬಟನ್ ಒತ್ತಿದಾಗ ವಿಸೆಂಟರಿಗೆ ಯಾವ ಬಾಗಿಲಿನಿಂದ ಕೋರಿಕೆ ಹೋಗುತ್ತದೋ, ಸ್ಕ್ರಿಪ್ಟಿನ ಕೋರಿಕೆಯೂ ಅದೇ 443ನೇ ಪೋರ್ಟಿನಿಂದಲೇ ಹೋಗುತ್ತದೆ. ನಿಮ್ಮ ಲಾಗಿನ್ನಿಗೆ ಯಾವ ಅಧಿಕಾರ ಇದೆಯೋ ಸ್ಕ್ರಿಪ್ಟಿಗೂ ಅಷ್ಟೇ. ಒಂದೇ ವ್ಯತ್ಯಾಸ, ಅದಕ್ಕೆ ಬೇಜಾರಾಗುವುದಿಲ್ಲ.

ಸರ್ವರಿಗೆ ಲಾಗಿನ್ ಆದ ಮೇಲೆ ಮೊದಲ ಸಾಲು ಹೀಗಿರುತ್ತದೆ:

ಗೆಟ್-ವಿಎಂ | ಗೆಟ್-ಸ್ನ್ಯಾಪ್‌ಶಾಟ್

ನಡುವಿನ ಆ ನಿಂತ ಗೀಟು ಪೈಪ್. ಎಡಗಡೆಯದು ಎಲ್ಲ ಮಷೀನುಗಳನ್ನೂ ತಂದುಕೊಡುತ್ತದೆ, ಬಲಗಡೆಯದು ಅವುಗಳ ಸ್ನ್ಯಾಪ್‌ಶಾಟ್ ಹೆಕ್ಕುತ್ತದೆ. ಯೂನಿಕ್ಸ್‌ನಲ್ಲಿ ಪಳಗಿದವರಿಗೆ ಪೈಪ್ ಹೊಸದಲ್ಲ, ಆದರೆ ಅಲ್ಲಿ ಹರಿಯುವುದು ಬರೀ ಅಕ್ಷರ. ಮೂರನೇ ಕಾಲಂನಲ್ಲಿ ಗಾತ್ರ ಇದೆ ಎಂದು ನಂಬಿ ಬರೆದ ಸ್ಕ್ರಿಪ್ಟು, ಯಾರಾದರೂ ಮಷೀನಿನ ಹೆಸರಿನ ನಡುವೆ ಒಂದು ಜಾಗ ಬಿಟ್ಟರೆ ಅಡ್ಡಹಾದಿ ಹಿಡಿಯುತ್ತದೆ. ಪವರ್‌ಶೆಲ್ಲಿನ ಪೈಪಿನಲ್ಲಿ ಹರಿಯುವುದು ವಸ್ತು. ಪ್ರತಿ ಸ್ನ್ಯಾಪ್‌ಶಾಟ್ ತನ್ನ ಹೆಸರು, ಹುಟ್ಟಿದ ದಿನ, ಗಾತ್ರ, ಯಾವ ಮಷೀನಿನದು ಎಂಬುದನ್ನೆಲ್ಲ ಜೇಬಿನಲ್ಲಿಟ್ಟುಕೊಂಡೇ ಬರುತ್ತದೆ. ಮೈಕ್ರೋಸಾಫ್ಟ್‌ನ ಜೆಫ್ರಿ ಸ್ನೋವರ್ 2002ರಲ್ಲಿ ಪವರ್‌ಶೆಲ್ಲಿನ ಕಲ್ಪನೆಯನ್ನು ಬರೆದಿಟ್ಟಾಗ ಅದರ ಜೀವಾಳವೇ ಇದಾಗಿತ್ತು. ‘ಹುಟ್ಟಿ ಮೂರು ದಿನ ದಾಟಿದವನ್ನು ಮಾತ್ರ ಉಳಿಸು’ ಎಂದು ಕೇಳಬೇಕಾದರೆ ಅಕ್ಷರ ಬಗೆಯುವ ಗೋಜಿಲ್ಲ. ‘ವೇರ್-ಆಬ್ಜೆಕ್ಟ್’ ಎಂಬ ಜರಡಿ ಹಿಡಿದು ದಿನಾಂಕಕ್ಕೆ ದಿನಾಂಕವನ್ನೇ ಹೋಲಿಸಬಹುದು.

ಇಷ್ಟಾದ ಮೇಲೆ ಸಾಲಿನ ಕೊನೆಗೆ ‘ರಿಮೂವ್-ಸ್ನ್ಯಾಪ್‌ಶಾಟ್’ ಅಂಟಿಸಿದರೆ ಕೆಲಸ ಮುಗಿಯಿತು. ಒಂದು ಪೈಪ್, ಒಂದು ಆಜ್ಞೆ. ಅಷ್ಟು ಸುಲಭ ಎಂಬುದೇ ಇದರ ತೊಂದರೆ. ಆ ಕೊನೆಯ ತುಂಡು ಬರೆಯಲು ಹತ್ತು ಸೆಕೆಂಡ್ ಸಾಕು. ಯಾವುದನ್ನು ಮುಟ್ಟಬಾರದು, ಎಲ್ಲಿ ನಿಲ್ಲಬೇಕು ಎಂದು ಬರೆಯುವುದಕ್ಕೆ ನನಗೆ ಸಾಮಾನ್ಯವಾಗಿ ಎರಡು ದಿನ ಬೇಕು. ನನ್ನ ಸ್ಕ್ರಿಪ್ಟುಗಳಲ್ಲಿ ಹತ್ತಕ್ಕೆ ಎಂಟು ಸಾಲು ಬ್ರೇಕೇ.

ಮೊದಲ ಬ್ರೇಕು ಹೆಸರಿಗೆ ಸಂಬಂಧಿಸಿದ್ದು. ‘ಟೆಸ್ಟ್ ಮಷೀನುಗಳ ಮೇಲೆ ಮಾತ್ರ ಓಡಿಸು’ ಎಂದರೆ ಕೈ ತಾನಾಗಿ ‘ಟೆಸ್ಟ್*’ ಎಂದು ಬರೆದುಬಿಡುತ್ತದೆ. ನಕ್ಷತ್ರ ಚಿಹ್ನೆ ಎಂದರೆ ಮುಂದೆ ಏನು ಬಂದರೂ ಸರಿ. ಈಗ ಆ ಸಂಸ್ಥೆ ವಿಶ್ವವಿದ್ಯಾಲಯ ಎಂದುಕೊಳ್ಳಿ, ಪರೀಕ್ಷಾ ಫಲಿತಾಂಶ ಕೊಡುವ ಸರ್ವರಿನ ಹೆಸರು ‘ಟೆಸ್ಟ್‌ರಿಸಲ್ಟ್-ಪ್ರಾಡ್’ ಎಂದುಕೊಳ್ಳಿ. ಸ್ಕ್ರಿಪ್ಟಿಗೆ ಅದೂ ಟೆಸ್ಟೇ. ಅದಕ್ಕೆ ಹೆಸರನ್ನು ನಂಬದೆ ವಿಸೆಂಟರಿನ ಟ್ಯಾಗ್ ಬಳಸುವುದು ವಾಸಿ. ‘ಶುಚಿಗೆ ಒಪ್ಪಿದೆ’ ಎಂಬರ್ಥದ ಟ್ಯಾಗನ್ನು ಮಷೀನಿನ ಯಜಮಾನರೇ ಅಂಟಿಸಲಿ. ಟ್ಯಾಗ್ ಇಲ್ಲದ್ದನ್ನು ಸ್ಕ್ರಿಪ್ಟ್ ಮುಟ್ಟುವುದಿಲ್ಲ. ಮುಟ್ಟಬೇಡ ಎಂಬ ಟ್ಯಾಗ್ ಅಂಟಿಸುವ ಉಲ್ಟಾ ಪದ್ಧತಿಯೂ ಇದೆ. ನನಗೆ ಅದು ಸೇರುವುದಿಲ್ಲ, ಏಕೆಂದರೆ ಅಲ್ಲಿ ಟ್ಯಾಗ್ ಮರೆತರೆ ದಂಡ ಕಟ್ಟುವವರು ನಾವಲ್ಲ, ಮಷೀನಿನ ಯಜಮಾನರು.

ಎರಡನೆಯದು ‘-ವಾಟ್‌ಇಫ್’. ರಿಮೂವ್ ಆಜ್ಞೆಯ ಹಿಂದೆ ಇದನ್ನು ಸೇರಿಸಿದರೆ ಅದು ಏನನ್ನೂ ಅಳಿಸದೆ, ‘ಮಾಡಿದ್ದಿದ್ದರೆ ಇದನ್ನು ಅಳಿಸುತ್ತಿದ್ದೆ’ ಎಂದು ಒಂದೊಂದನ್ನೇ ಬರೆದು ತೋರಿಸುತ್ತದೆ. ಹತ್ತು ನಿರೀಕ್ಷಿಸಿದ ಕಡೆ ಇನ್ನೂರು ಕಂಡರೆ ಅಲ್ಲೇ ಕೈ ಎತ್ತಬಹುದು. ರಾತ್ರಿ ತಾನಾಗಿ ಓಡುವ ಸ್ಕ್ರಿಪ್ಟಿನ ಮುಂದೆ ಕೂತು ಇದನ್ನು ನೋಡುವವರು ಇರುವುದಿಲ್ಲವಲ್ಲ, ಅದಕ್ಕೆ ಎಣಿಕೆಯನ್ನೇ ಒಳಗೆ ಬರೆದಿಡಬೇಕು: ಪಟ್ಟಿ 25 ದಾಟಿದರೆ ಏನನ್ನೂ ಮಾಡದೆ ನಿಲ್ಲು, ಮೇಲ್ ಕಳಿಸು. ಇಪ್ಪತ್ತೈದೇ ಏಕೆ ಎಂದರೆ ಶಾಸ್ತ್ರ ಏನಿಲ್ಲ. ನಿಮ್ಮಲ್ಲಿ ಸಾಮಾನ್ಯ ವಾರದಲ್ಲಿ ಎಷ್ಟು ಬರುತ್ತದೋ ಅದರ ಎರಡರಷ್ಟು ಇಟ್ಟುಕೊಳ್ಳಿ.

ಮೂರನೆಯ ಬ್ರೇಕು ಇಲ್ಲದ್ದು ಹಳೇ ಹುಲಿಗಳನ್ನೂ ಕೆಡವಿದೆ. ಪವರ್‌ಸಿಎಲ್ಐಯಲ್ಲಿ ಒಂದೇ ಕಿಟಕಿಯಿಂದ ಎರಡು ಮೂರು ವಿಸೆಂಟರ್‌ಗಳಿಗೆ ಸಂಪರ್ಕ ಇಟ್ಟುಕೊಳ್ಳಬಹುದು. ಹಾಗಿದ್ದಾಗ, ಯಾವ ಸರ್ವರ್ ಎಂದು ಹೇಳದೆ ಕೊಟ್ಟ ಆಜ್ಞೆ ಎಲ್ಲದರ ಮೇಲೂ ಓಡುತ್ತದೆ. ಬೆಳಿಗ್ಗೆ ಪ್ರೊಡಕ್ಷನ್‌ನಲ್ಲಿ ಏನೋ ನೋಡಿ, ಡಿಸ್ಕನೆಕ್ಟ್ ಮಾಡದೆ, ಮಧ್ಯಾಹ್ನ ಲ್ಯಾಬಿಗೆ ಕನೆಕ್ಟ್ ಆಗಿ ‘ಎಲ್ಲ ಅಳಿಸು’ ಎಂದರೆ... ಮುಂದಿನದನ್ನು ಬರೆಯಬೇಕಿಲ್ಲ. ಪ್ರತಿ ಆಜ್ಞೆಗೂ ‘-ಸರ್ವರ್’ ಎಂದು ಹೆಸರು ಹಿಡಿದು ಹೇಳುವ ಅಭ್ಯಾಸಕ್ಕೆ ಖರ್ಚೇನೂ ಇಲ್ಲ. ಇದರ ತಮ್ಮನಂಥ ಇನ್ನೊಂದು: ಮೈಕ್ರೋಸಾಫ್ಟ್‌ನ ಹೈಪರ್-ವಿ ಆಜ್ಞೆಗಳ ಕಟ್ಟಿನಲ್ಲೂ ‘ಗೆಟ್-ವಿಎಂ’ ಎಂಬ ಹೆಸರೇ ಇದೆ. ಎರಡೂ ಇರುವ ಕಂಪ್ಯೂಟರಿನಲ್ಲಿ ನೀವು ಕರೆದದ್ದು ಯಾರನ್ನೋ, ‘ಓ’ ಎಂದವರು ಯಾರೋ.

ನಾನು ಎಡವಿದ್ದು ಮಾತ್ರ ಇವೆಲ್ಲದರ ಆಚೆ, ಆಗಲೇ ಹೇಳಿದ ಕೂಲಿಯ ವಿಷಯದಲ್ಲಿ. ಬಹಳ ಹಿಂದೆ, ಒಂದು ಕಂಪನಿಯ ಅಮೆರಿಕದ ಗ್ರಾಹಕರಿಗಾಗಿ ಬೆಂಗಳೂರಿನಿಂದ ರಾತ್ರಿಪಾಳಿ ಮಾಡುತ್ತಿದ್ದ ಕಾಲ. ಚೇಂಜ್ ಟಿಕೆಟ್ ಮಂಜೂರಾಗಿತ್ತು, ಪಟ್ಟಿಯನ್ನು ಎರಡೆರಡು ಸಲ ನೋಡಿದ್ದೆ, ಅಳಿಸಬಾರದ್ದು ಒಂದೂ ಅದರಲ್ಲಿರಲಿಲ್ಲ. ಬೇಗ ಮುಗಿಯಲಿ ಎಂದು ‘-ರನ್‌ಅಸಿಂಕ್’ ಹಾಕಿದೆ. ಅಂದರೆ ಒಂದು ಮುಗಿಯುವವರೆಗೆ ಕಾಯಬೇಡ, ಎಲ್ಲವನ್ನೂ ಒಟ್ಟಿಗೆ ಶುರು ಮಾಡು ಎಂದು. ನಲವತ್ತು ಚಿಲ್ಲರೆ ಚೀಟಿಗಳು ಒಂದೇ ಸ್ಟೋರೇಜಿನ ಮೇಲೆ ಏಕಕಾಲಕ್ಕೆ ನಕಲಿಗೆ ಕೂತವು. ಹತ್ತು ನಿಮಿಷದಲ್ಲಿ ಡೇಟಾಬೇಸ್ ತಂಡದವರಿಂದ ಫೋನು: ‘ಏನ್ ಮಾಡ್ತಿದೀರಾ ಸಾರ್ ಅಲ್ಲಿ?’ ಅಳಿಸಿದ್ದು ಒಂದೂ ತಪ್ಪಲ್ಲ. ಆದರೆ ಆ ಸ್ಟೋರೇಜ್ ಹಂಚಿಕೊಂಡಿದ್ದ, ನನ್ನ ಪಟ್ಟಿಯಲ್ಲಿ ಇಲ್ಲವೇ ಇಲ್ಲದ ಮಷೀನುಗಳೂ ಏದುಸಿರು ಬಿಡುತ್ತಿದ್ದವು. ಶುರುವಾದ ನಕಲನ್ನು ನಡುವೆ ಬಿಡಿಸುವ ಧೈರ್ಯ ನನಗಂತೂ ಇರಲಿಲ್ಲ. ಬೆಳಗಿನ ಜಾವದವರೆಗೆ ಶೇಕಡಾವಾರು ಅಂಕಿಗಳು ತೆವಳುವುದನ್ನು ನೋಡುತ್ತ ಕೂತೆ.

ಅಂದಿನಿಂದ ನನ್ನ ಸ್ಕ್ರಿಪ್ಟು ಒಂದು ಡೇಟಾಸ್ಟೋರಿಗೆ ಒಂದು ಸಲಕ್ಕೆ ಒಂದನ್ನೇ ಅಳಿಸುತ್ತದೆ, ಚಿಕ್ಕದರಿಂದ ದೊಡ್ಡದಕ್ಕೆ. ಚಿಕ್ಕದು ಮೊದಲಾದರೆ ಏನಾದರೂ ಎಡವಟ್ಟು ಇದ್ದಾಗ ಅಗ್ಗದಲ್ಲೇ ಗೊತ್ತಾಗುತ್ತದೆ. ಅಳಿಸುವ ಮುನ್ನ ಡೇಟಾಸ್ಟೋರಿನಲ್ಲಿ ಎಷ್ಟು ಖಾಲಿ ಇದೆ ಎಂದೂ ನೋಡುತ್ತದೆ, ಏಕೆಂದರೆ ನಕಲು ನಡೆಯುವಾಗಲೂ ಮಷೀನ್ ಬರೆಯುತ್ತಲೇ ಇರುತ್ತದೆ, ಆ ಬರಹಕ್ಕೂ ಜಾಗ ಬೇಕು. ಬೆಳಗಿನ ಐದಕ್ಕೆ ಹೊಸದನ್ನು ಎತ್ತಿಕೊಳ್ಳುವುದು ನಿಲ್ಲಿಸುತ್ತದೆ. ಉಳಿದದ್ದು ನಾಳೆ ರಾತ್ರಿಗೆ.

ಪಾಸ್‌ವರ್ಡ್ ಬಗ್ಗೆ ಉದ್ದಕ್ಕೆ ಹೇಳುವುದೇನಿಲ್ಲ. ಸ್ಕ್ರಿಪ್ಟಿನೊಳಗೆ ಬರೆಯಬೇಡಿ. ಪವರ್‌ಶೆಲ್ಲಿಗೆ ಸೀಕ್ರೆಟ್ ವಾಲ್ಟ್ ಇದೆ, ಅಲ್ಲಿಡಿ. ಎಣಿಸಿ ಪಟ್ಟಿ ಮಾಡುವುದು, ಅಳಿಸುವುದು ಬೇರೆ ಬೇರೆ ಸ್ಕ್ರಿಪ್ಟುಗಳಾಗಿರಲಿ. ಎಣಿಸುವ ಸ್ಕ್ರಿಪ್ಟಿಗೆ ಒಂದು ಸರ್ವಿಸ್ ಅಕೌಂಟ್, ಅದಕ್ಕೆ ‘ರೀಡ್-ಓನ್ಲಿ’ ಪಾತ್ರ ಮಾತ್ರ. ಅಳಿಸುವ ಸ್ಕ್ರಿಪ್ಟಿಗೆ ಬೇರೆ ಅಕೌಂಟ್, ಅದಕ್ಕೆ ಸ್ನ್ಯಾಪ್‌ಶಾಟ್ ತೆಗೆದುಹಾಕುವಷ್ಟೇ ಅಧಿಕಾರ. ಇಡೀ ವಿಸೆಂಟರಿನ ಅಡ್ಮಿನಿಸ್ಟ್ರೇಟರ್ ಲಾಗಿನ್ನಿನಲ್ಲಿ ಇವನ್ನೆಲ್ಲ ಓಡಿಸುವುದು ಅಡುಗೆಮನೆಯ ನಲ್ಲಿ ರಿಪೇರಿಗೆ ಬಂದವರಿಗೆ ಬೀರುವಿನ ಕೀಲಿ ಕೊಟ್ಟಂತೆ.

ಸ್ನ್ಯಾಪ್‌ಶಾಟಿನ ಜೇಬಿನಲ್ಲಿ ಎಲ್ಲ ಇರುತ್ತದೆ ಎಂದೆನಲ್ಲ, ಒಂದು ಇರುವುದಿಲ್ಲ: ತೆಗೆದವರು ಯಾರು ಎಂಬುದು. ಅದನ್ನು ‘ಗೆಟ್-ವಿಐಈವೆಂಟ್’ ಮೂಲಕ ವಿಸೆಂಟರಿನ ಘಟನೆಗಳ ದಾಖಲೆಯಲ್ಲಿ ಹುಡುಕಬೇಕು. ಆ ದಾಖಲೆಯನ್ನು ವಿಸೆಂಟರ್ ಎಂದೆಂದಿಗೂ ಇಟ್ಟುಕೊಳ್ಳುವುದಿಲ್ಲ, ನಿಗದಿತ ದಿನ ಕಳೆದ ಮೇಲೆ ಹಳೆಯದು ಉದುರಿಹೋಗುತ್ತದೆ. ಎಂಟು ತಿಂಗಳಾದ ಮೇಲೆ ಹುಡುಕಿದರೆ ಬರಿಗೈ. ಅದಕ್ಕೆ ಎಣಿಸುವ ಸ್ಕ್ರಿಪ್ಟನ್ನು ಪ್ರತಿದಿನ ಓಡಿಸಿ, ಆಯಾ ದಿನದ ಹೊಸ ಸ್ನ್ಯಾಪ್‌ಶಾಟುಗಳ ಮುಂದೆ ತೆಗೆದವರ ಹೆಸರನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳಬೇಕು. ಯಾವ ಟಿಕೆಟ್, ಎಂದಿನವರೆಗೆ ಬೇಕು ಎಂದು ವಿವರಣೆಯ ಜಾಗದಲ್ಲೇ ಬರೆಯಿರಿ ಎಂದು ಎಲ್ಲರಿಗೂ ಹೇಳಬಹುದು. ನಾನೂ ಹೇಳಿದ್ದೇನೆ. ಮೂವರು ಬರೆಯುತ್ತಾರೆ.

ಇಷ್ಟು ಹೇಳಿದ್ದೆಲ್ಲ ‘ಇದನ್ನು ಮಾಡು, ಆಮೇಲೆ ಅದನ್ನು ಮಾಡು’ ಎಂಬ ಜಾತಿಯ ಸ್ಕ್ರಿಪ್ಟು. ಹೊಸ ಮಷೀನುಗಳನ್ನು ಹುಟ್ಟುಹಾಕುವ ಕೆಲಸಕ್ಕೆ ಇನ್ನೊಂದು ಜಾತಿ ಇದೆ. 2014ರಲ್ಲಿ ಬಂದ ಟೆರಾಫಾರ್ಮ್‌ನಲ್ಲಿ ‘ಈ ಅಳತೆಯ ಐದು ಮಷೀನ್ ಇರಬೇಕು’ ಎಂದು ಕೊನೆಯ ಚಿತ್ರವನ್ನಷ್ಟೇ ಬರೆಯುತ್ತೀರಿ. ಈಗ ಮೂರಿದ್ದರೆ ಅದು ಎರಡನ್ನು ಸೇರಿಸುತ್ತದೆ, ಐದಿದ್ದರೆ ಸುಮ್ಮನಿರುತ್ತದೆ. ಅದರ ‘ಪ್ಲಾನ್’ ಎಂಬ ಆಜ್ಞೆ ನಮ್ಮ ವಾಟ್‌ಇಫ್‌ಗೆ ದೊಡ್ಡಪ್ಪ. ಹುಟ್ಟಿದ ಮಷೀನಿನೊಳಗೆ ಸಾಫ್ಟ್‌ವೇರ್ ಜೋಡಿಸಲು 2012ರಿಂದ ಆನ್ಸಿಬಲ್ ಇದೆ. ಆದರೆ ಯಾರೋ ಕ್ಯಾಬ್ ಹತ್ತುವ ಅವಸರದಲ್ಲಿ ಕೈಯಲ್ಲಿ ತೆಗೆದು ಮರೆತ ಸ್ನ್ಯಾಪ್‌ಶಾಟ್ ಯಾವ ಚಿತ್ರದಲ್ಲೂ ಇರುವುದಿಲ್ಲ. ಅಂಥದ್ದನ್ನು ಗುಡಿಸಲು ಪೊರಕೆಯೇ ಬೇಕು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡ ಮೇಲೆ ಪರವಾನಗಿ ನಿಯಮಗಳು ಬದಲಾಗಿ, ಹಲವರು ಪ್ರಾಕ್ಸ್‌ಮಾಕ್ಸ್, ಹೈಪರ್-ವಿ ಕಡೆ ಮುಖ ಮಾಡಿದ್ದಾರೆ. ಅಲ್ಲಿ ಆಜ್ಞೆಗಳ ಹೆಸರು ಬೇರೆ, ಹೈಪರ್-ವಿಯಲ್ಲಂತೂ ಸ್ನ್ಯಾಪ್‌ಶಾಟನ್ನೇ ‘ಚೆಕ್‌ಪಾಯಿಂಟ್’ ಎನ್ನುತ್ತಾರೆ. ಮರೆಯುವವರು ಅವರೇ.

ನಮ್ಮ ತಂಡದಲ್ಲಿ ಈಗ ಎಣಿಸುವ ಸ್ಕ್ರಿಪ್ಟ್ ಪ್ರತಿ ಸೋಮವಾರ ಬೆಳಿಗ್ಗೆ ಏಳಕ್ಕೆ ಎಲ್ಲರಿಗೂ ಒಂದು ಮೇಲ್ ಕಳಿಸುತ್ತದೆ: ಮಷೀನ್, ಗಾತ್ರ, ಎಷ್ಟು ದಿನ ಹಳತು, ತೆಗೆದವರ ಹೆಸರು. ಅತಿ ಹಳೆಯದು ಎಲ್ಲಕ್ಕಿಂತ ಮೇಲೆ. ಆ ಮೇಲ್‌ನಲ್ಲಿ ಮೇಲಿನ ಸಾಲಿಗೆ ಬರಲು ಯಾರಿಗೂ ಇಷ್ಟವಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧದಷ್ಟನ್ನು ತೆಗೆದವರೇ ಅಳಿಸಿರುತ್ತಾರೆ. ರಾತ್ರಿ ಅಳಿಸುವ ಸ್ಕ್ರಿಪ್ಟ್ ಎದ್ದು ನೋಡಿದರೆ ಒಂದೆರಡು ಸಿಕ್ಕಾವು, ಕೆಲವು ವಾರ ಅದೂ ಇಲ್ಲ. ಲಾಗಿನಲ್ಲಿ ‘ಸೊನ್ನೆ’ ಎಂದು ಬರೆದು ಮತ್ತೆ ಮಲಗುತ್ತದೆ.