ಬೇರೆ ಬೇರೆ ಕಂಪ್ಯೂಟರುಗಳ ನಡುವೆ ಒಂದೇ ಡಿಸ್ಕು

ಈ ಸಂಚಿಕೆಗೋಸ್ಕರ ಹಳೆಯ ಭಾವಚಿತ್ರಗಳನ್ನು ಕೂಡಿಸುತ್ತಿದ್ದಾಗ, ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ತಮ್ಮ ಮನೆಯ ಮ್ಯಾಕ್ ಕಂಪ್ಯೂಟರಿನಿಂದ ಚಿತ್ರಗಳನ್ನು ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಸಾಗಿಸಿ ತಂದುಕೊಟ್ಟರು. ಮೂಲವಾದ ಕಾಗದದ ಚಿತ್ರಗಳು ಮಳೆಗಾಲದ ತೇವದಿಂದ ಹಾಳಾಗಿದ್ದವು. ಬೇರೆ ಪ್ರತಿ ಇರಲಿಲ್ಲ. ಆ ಡಿಸ್ಕನ್ನು ನಮ್ಮ ಕಚೇರಿಯ ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದೊಡನೆ, ಉಪಯೋಗಿಸುವುದಕ್ಕೆ ಮೊದಲು ಇದನ್ನು ಫಾರ್ಮ್ಯಾಟ್ ಮಾಡಬೇಕೆಂಬ ಸೂಚನೆ ಕಾಣಿಸಿತು. ಯಂತ್ರವೇ ಹೇಳಿದ ಮೇಲೆ ಮಾಡತಕ್ಕದ್ದೆಂದು ಎಣಿಸಿ ನಾನು ಒಪ್ಪಿಗೆ ಕೊಡುವುದರಲ್ಲಿದ್ದೆನು. ಪಕ್ಕದಲ್ಲಿದ್ದ ಒಂಬತ್ತನೆಯ ತರಗತಿಯ ಹುಡುಗಿಯು, "ಬೇಡಿ ಟೀಚರ್, ಎಲ್ಲ ಅಳಿಸಿಹೋಗುತ್ತದೆ" ಎಂದು ತಡೆದಳು.

ಡಿಸ್ಕು ಕೆಟ್ಟಿರಲಿಲ್ಲ. ಯಾವ ಕಡತವು ಎಲ್ಲಿದೆ ಎಂಬುದನ್ನು ಬರೆದಿಡುವ ಕ್ರಮವು ಎಲ್ಲ ಕಂಪ್ಯೂಟರುಗಳಲ್ಲಿ ಒಂದೇ ಆಗಿರುವುದಿಲ್ಲ. ವಿಂಡೋಸಿನ ಎನ್‌ಟಿಎಫ್‌ಎಸ್ ಕ್ರಮವು 1993ರಲ್ಲಿ ಬಂದದ್ದು. ಮ್ಯಾಕ್ ಈಗ ಅನುಸರಿಸುವ ಎಪಿಎಫ್‌ಎಸ್, 2017ರದ್ದು. ವಿಂಡೋಸಿಗೆ ಈ ಎರಡನೆಯದನ್ನು ತಾನಾಗಿ ಓದಲು ಬಾರದು. ಲಿಪಿ ತಿಳಿಯದವನೊಬ್ಬನು ಪುಸ್ತಕವನ್ನು ಹಿಡಿದುಕೊಂಡು, 'ಇದು ಖಾಲಿ, ಒರಸಿಕೊಡಲೇ?' ಎಂದು ಕೇಳಿದರೆ ನಾವು ಒಪ್ಪುವೆವೇ? ಯಂತ್ರವಾದರೋ ಹಾಗೆಯೇ ಕೇಳುವುದು. ಆದಕಾರಣ 'ಬೇಡ' ಎಂದು ಉತ್ತರಿಸಿ, ಡಿಸ್ಕನ್ನು ಅದು ಬಂದ ಕಂಪ್ಯೂಟರಿಗೇ ಮರಳಿಸಿ ತೆರೆದು ನೋಡತಕ್ಕದ್ದು. ತಿಳಿಯದೆ ಫಾರ್ಮ್ಯಾಟ್ ಮಾಡಿಬಿಟ್ಟಿದ್ದರೆ, ಅದರ ಮೇಲೆ ಮತ್ತೇನನ್ನೂ ಬರೆಯದೆ ಬಲ್ಲವರ ಕೈಗೆ ಕೊಡಬೇಕು. ಕೆಲವು ಸಲ ಮರಳಿ ದೊರೆಯುವುದುಂಟು.

ವಿಂಡೋಸಿನ ಡಿಸ್ಕನ್ನು ಮ್ಯಾಕಿಗೆ ಜೋಡಿಸಿದರೆ ತೊಂದರೆಯು ಬೇರೆ ತೆರನಾದದ್ದು. ಕಡತಗಳೆಲ್ಲ ಕಾಣುವವು, ತೆರೆಯುವವು. ಹೊಸದೇನನ್ನೂ ಸೇರಿಸಲು ಮಾತ್ರ ಆಗದು. ಏಕೆಂದರೆ ಮ್ಯಾಕ್ ಎನ್‌ಟಿಎಫ್‌ಎಸ್ ಅನ್ನು ಓದುವುದೇ ಹೊರತು ಅದರಲ್ಲಿ ಬರೆಯುವುದಿಲ್ಲ. ಲಿನಕ್ಸ್ ಓದುವುದು, ಬರೆಯುವುದು ಎರಡನ್ನೂ ಬಲ್ಲದು. ಆದರೆ ವಿಂಡೋಸಿನಿಂದ ಡಿಸ್ಕನ್ನು ಕ್ರಮವಾಗಿ ಬಿಡಿಸದೆ ಕಿತ್ತಿದ್ದರೆ ಲಿನಕ್ಸ್ ಕೆಲವು ವೇಳೆ ಬರೆಯಲೊಪ್ಪದು. ಆಗ ಅದನ್ನು ವಿಂಡೋಸಿನಲ್ಲಿಯೇ ಮತ್ತೊಮ್ಮೆ ತಪಾಸಣೆ ಮಾಡಿಸಿ, ಸರಿಯಾಗಿ ಬಿಡಿಸಿ ತರಬೇಕು.

ಮೂರು ಬಗೆಯ ಕಂಪ್ಯೂಟರುಗಳಿಗೂ ಒಗ್ಗುವ ಹಳೆಯ ಕ್ರಮವೊಂದಿದೆ, ಫ್ಯಾಟ್ 32. ಇದರಲ್ಲಿ ಒಂದೊಂದು ಕಡತವೂ 4 ಜಿಬಿಗಿಂತ ಚಿಕ್ಕದಾಗಿರಬೇಕು. ವಾರ್ಷಿಕೋತ್ಸವದ ದೀರ್ಘವಾದ ವೀಡಿಯೋವು, ಡಿಸ್ಕಿನಲ್ಲಿ ಸ್ಥಳವು ಧಾರಾಳವಾಗಿದ್ದರೂ, ಒಳಗೆ ಸೇರದೆ ಹೋಗುವುದು ಇದರಿಂದಲೇ. ಸ್ಥಳವಿಲ್ಲವೆಂದು ತಿಳಿದು ಇದ್ದ ಚಿತ್ರಗಳನ್ನು ಅಳಿಸುತ್ತ ಕುಳಿತವರನ್ನು ನಾನು ಕಂಡಿದ್ದೇನೆ! 2006ರಲ್ಲಿ ಬಂದ ಎಕ್ಸ್‌ಫ್ಯಾಟ್ ಕ್ರಮಕ್ಕೆ ಈ ಮಿತಿಯಿಲ್ಲ. ವಿಂಡೋಸೂ ಮ್ಯಾಕೂ ಅದನ್ನು ಓದಿ ಬರೆಯಬಲ್ಲವು. 2019ರಿಂದೀಚಿನ ಲಿನಕ್ಸಿನ ತಿರುಳಿನಲ್ಲಿಯೂ ಅದು ಸೇರಿದೆ. ಹಲವು ಮನೆಗಳಲ್ಲಿ ತಿರುಗಾಡುವ ಡಿಸ್ಕಿಗೆ ಇದೇ ಯೋಗ್ಯವೆಂದು ನನ್ನ ಅಭಿಪ್ರಾಯ. ಆದರೆ ಡಿಸ್ಕನ್ನು ಈ ಕ್ರಮಕ್ಕೆ ಬದಲಾಯಿಸುವಾಗ ಅದರಲ್ಲಿರುವುದೆಲ್ಲ ಅಳಿಯುವುದರಿಂದ, ಮೊದಲು ಪ್ರತಿ ಮಾಡಿಕೊಂಡು ಆಮೇಲೆ ಬದಲಾಯಿಸಬೇಕು. ಇದಲ್ಲದೆ, ಅರ್ಧದಲ್ಲಿ ನಿಂತ ಬರವಣಿಗೆಯನ್ನು ಸರಿಪಡಿಸಿಕೊಳ್ಳುವ ದಿನಚರಿಯು ಎನ್‌ಟಿಎಫ್‌ಎಸ್‌ನಲ್ಲಿ ಇರುವಂತೆ ಇದರಲ್ಲಿ ಇಲ್ಲ. ಕಂಪ್ಯೂಟರಿಗೆ ತಿಳಿಸದೆ ತಂತಿಯನ್ನು ಎಳೆದರೆ ಕಡತಗಳು ಕೆಡಬಹುದು.

ಆ ಹಳೆಯ ವಿದ್ಯಾರ್ಥಿನಿಯು ಡಿಸ್ಕನ್ನು ಮನೆಗೆ ಕೊಂಡೊಯ್ದು, ಚಿತ್ರಗಳನ್ನು ಎಕ್ಸ್‌ಫ್ಯಾಟಿನ ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿ, ನಾಲ್ಕನೆಯ ದಿನ ಕಳುಹಿಸಿಕೊಟ್ಟರು. ಮೊದಲನೆಯದನ್ನು ಈ ಸಲ ತಮ್ಮಲ್ಲಿಯೇ ಇಟ್ಟುಕೊಂಡಿದ್ದಾರೆ.