ಬೆನ್ನುಮೂಳೆಗೆ ಸಿಮೆಂಟು: ಒಪ್ಪುವ ಮುನ್ನ ಅರಿಯಬೇಕಾದುದು

ವಯೋವೃದ್ಧರು ಬಚ್ಚಲಲ್ಲಿ ಜಾರಿ ಕುಳಿತಾಗಲೋ, ಕೊಡ ಎತ್ತುವಾಗಲೋ ಬೆನ್ನುನೋವಿನಿಂದ ಹಾಸಿಗೆ ಹಿಡಿಯುವುದು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಎಕ್ಸ್‌ರೇ ತೆಗೆಸಿದಾಗ ಬೆನ್ನುಮೂಳೆಯ ಮಣಿಯೊಂದು ಕುಸಿದಿರುವುದು ತಿಳಿಯುತ್ತದೆ. ಆಗ 'ಸಿಮೆಂಟು ತುಂಬಿಸಬಹುದು' ಎಂಬ ಸಲಹೆ ಬರುತ್ತದೆ. ಕೇಳಿದವರಲ್ಲಿ ಕೆಲವರು ಬೆದರುತ್ತಾರೆ, ಕೆಲವರು ವಿಚಾರಿಸದೆ ಒಪ್ಪಿಬಿಡುತ್ತಾರೆ. ಆದಕಾರಣ ಈ ಚಿಕಿತ್ಸೆಯ ವಿವರವನ್ನು ಸದ್ಭಕ್ತರ ಅವಗಾಹನೆಗೆ ತರಲಾಗಿದೆ.

ಇದು ಮನೆ ಕಟ್ಟುವ ಸಿಮೆಂಟಲ್ಲ. ಪಾಲಿಮಿಥೈಲ್ ಮೆಥಾಕ್ರಿಲೇಟ್ ಎಂಬ ಪ್ಲಾಸ್ಟಿಕ್. ಪುಡಿ ಮತ್ತು ದ್ರವವನ್ನು ಕಲಸಿದರೆ ಬಿಸಿಯಾಗುತ್ತ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಸೊಂಟದ ಕೃತಕ ಕೀಲನ್ನು ಕೂರಿಸಲು ಮೊದಲಿನಿಂದಲೂ ಬಳಕೆಯಲ್ಲಿದ್ದ ಇದನ್ನು, 1984ರಲ್ಲಿ ಫ್ರಾನ್ಸಿನ ಅಮಿಯೆನ್ ನಗರದಲ್ಲಿ ಗಾಲಿಬೆರ್ ಮತ್ತು ದೆರಾಮೊಂ ಎಂಬ ವೈದ್ಯರು ಸೂಜಿಯ ಮೂಲಕ ಕುತ್ತಿಗೆಯ ಮಣಿಯೊಂದಕ್ಕೆ ತುಂಬಿದರು. ಇಂದಿಗೂ ಕ್ರಮ ಹೆಚ್ಚುಕಡಿಮೆ ಅದೇ. ರೋಗಿಯನ್ನು ಬೋರಲು ಮಲಗಿಸಿ, ಎಕ್ಸ್‌ರೇ ಪರದೆಯನ್ನು ನೋಡುತ್ತ, ಕುಸಿದ ಮಣಿಯೊಳಕ್ಕೆ ಕೆಲವು ಮಿಲಿಲೀಟರ್‌ನಷ್ಟು ಸಿಮೆಂಟನ್ನು ಇಳಿಸುತ್ತಾರೆ. ಅಪಾಯವಿರುವುದು ಸೋರಿಕೆಯಲ್ಲಿ. ಸೋರಿದ ಸಿಮೆಂಟು ಬಹುಪಾಲು ತೊಂದರೆ ಕೊಡದು. ಆದರೆ ಅಪರೂಪವಾಗಿ ನರಗಳನ್ನು ಒತ್ತಬಹುದು, ರಕ್ತನಾಳದ ಮೂಲಕ ಶ್ವಾಸಕೋಶವನ್ನೂ ಸೇರಬಹುದು.

ಇದರಿಂದ ನೋವು ಶಮನವಾಗುವುದೇ? ವೈದ್ಯಲೋಕದಲ್ಲಿಯೇ ಇಲ್ಲಿ ಒಮ್ಮತವಿಲ್ಲ. 2009ರಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಪ್ರಕಟವಾಯಿತು. ಒಂದರಲ್ಲಿ 131, ಇನ್ನೊಂದರಲ್ಲಿ 78 ರೋಗಿಗಳಿದ್ದರು. ಕೆಲವರಿಗೆ ನಿಜವಾಗಿಯೂ ಸಿಮೆಂಟು ತುಂಬಿದರು. ಉಳಿದವರಿಗೆ ತುಂಬಿದಂತೆ ನಟಿಸಿದರು. ರೋಗಿಗೆ ಸಂಶಯ ಬಾರದಿರಲೆಂದು ಸಿಮೆಂಟಿನ ವಾಸನೆಯನ್ನೂ ಕೋಣೆಯಲ್ಲಿ ಹರಡಿದ್ದರಂತೆ! ಎರಡೂ ಗುಂಪಿನವರ ನೋವು ಹೆಚ್ಚುಕಡಿಮೆ ಸಮಾನವಾಗಿಯೇ ತಗ್ಗಿತು. ಆದರೆ 2016ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗವೊಂದು ಮುರಿತವಾಗಿ ಆರು ವಾರ ಕಳೆಯದ, ತೀವ್ರ ನೋವಿದ್ದ 120 ಹಿರಿಯರನ್ನು ಮಾತ್ರ ಆರಿಸಿಕೊಂಡಿತ್ತು. ಅಲ್ಲಿ ಸಿಮೆಂಟು ತುಂಬಿಸಿಕೊಂಡವರಿಗೆ ಹೆಚ್ಚು ಉಪಶಮನ ದೊರಕಿತು.

ಹೀಗಿರಲು, ಒಪ್ಪುವ ಮುನ್ನ ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ಖರ್ಚಿನದಲ್ಲ. ಈ ಮುರಿತ ಹೊಸದೋ ಹಳೆಯದೋ, ನೋವು ಅದರಿಂದಲೇ ಬಂದದ್ದೋ ಎಂಬುದು. ಎಂ.ಆರ್.ಐ. ಪರೀಕ್ಷೆ ಇದನ್ನು ಬಹುಮಟ್ಟಿಗೆ ತಿಳಿಸುತ್ತದೆ. ಮಾತ್ರೆ, ವಿಶ್ರಾಂತಿ, ನಿಧಾನವಾದ ನಡಿಗೆ ಇವುಗಳಿಂದಲೇ ಅನೇಕರಿಗೆ ಕೆಲವು ವಾರಗಳಲ್ಲಿ ನೋವು ಇಳಿಯುವುದರಿಂದ, ಕಾಯಬಹುದೇ ಎಂದೂ ಕೇಳಬೇಕು. ಮಣಿಯಲ್ಲಿ ಸೋಂಕಿದ್ದರೆ ಸಿಮೆಂಟು ಸಲ್ಲದು. ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಇನ್ನೊಂದು ಮಾತು. ಸಿಮೆಂಟು ಗಟ್ಟಿಗೊಳಿಸುವುದು ಒಂದು ಮಣಿಯನ್ನು ಮಾತ್ರ. ಮೂಳೆಗಳನ್ನೆಲ್ಲ ಟೊಳ್ಳಾಗಿಸಿದ ಆಸ್ಟಿಯೊಪೊರೋಸಿಸ್ ಹಾಗೆಯೇ ಉಳಿದಿರುತ್ತದೆ. ಮೂಳೆಯ ಸಾಂದ್ರತೆ ಪರೀಕ್ಷಿಸಿ ಅದಕ್ಕೆ ತಕ್ಕ ಔಷಧ ಆರಂಭಿಸದಿದ್ದರೆ, ಬೇರೊಂದು ಮಣಿ ಕುಸಿಯುವ ಸಂಭವ ಬಹಳ. ನೋವು ನಿಂತೊಡನೆ ಈ ಪರೀಕ್ಷೆಯನ್ನು ಮರೆಯುವ ಕುಟುಂಬಗಳೇ ಹೆಚ್ಚು. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಅದರ ದಿನಾಂಕವನ್ನು ಬರೆಸಿಕೊಳ್ಳುವುದು ಲೇಸು.